ಹಾವೇರಿ ಸೀಮೆಯಲ್ಲಿ ಒಂದು ದಿನದ ದೇವಾಲಯ ಯಾತ್ರೆ

ಯಾತ್ರೆಯೆಂದೊಡನೆ ನಮ್ಮ ಜನಕ್ಕೆ ದೂರದ ಕ್ಷೇತ್ರಗಳೇ ನೆನಪಾಗುತ್ತವೆ. ಕಾಶಿಗೆ, ರಾಮೇಶ್ವರಕ್ಕೆ, ತಿರುಪತಿಗೆ, ಪಂಢರಪುರಕ್ಕೆ ಹೋಗಿಬರಬೇಕೆಂದು ವರುಷಗಟ್ಟಲೆ ಹಣ ಕೂಡಿಡುತ್ತೇವೆ. ಹೋಗಿ ಬಂದ ಮೇಲೆ ನೆರೆಹೊರೆಯವರನ್ನು ಕರೆದು ಸಮಾರಾಧನೆ ಮಾಡುತ್ತೇವೆ. ಅದು ಒಳ್ಳೆಯದೇ. ಆದರೆ ಮನೆಯಿಂದ ಒಂದು ಹಗಲಿನ ದೂರದಲ್ಲಿ, ಎಂಟುನೂರು ಒಂಬೈನೂರು ವರ್ಷಗಳಿಂದ ನಿಂತಿರುವ ದೇವಾಲಯವೊಂದನ್ನು ನಾವು ನೋಡಿರುವುದಿಲ್ಲ. ಹತ್ತಿರದ್ದೇ ಅಲ್ಲವೆ, ಯಾವಾಗ ಬೇಕಾದರೂ ಹೋದರಾಯಿತು ಎಂಬ ಮಾತಿನಲ್ಲಿಯೇ ಆಯುಸ್ಸು ಕಳೆದುಹೋಗುತ್ತದೆ.

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿಗಳ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಹುಬ್ಬಳ್ಳಿಯ ರೈಲು ದಾರಿಯಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ನಿಲ್ದಾಣಗಳೇ. ಪ್ರತಿದಿನವೂ ಸಾವಿರಾರು ಮಂದಿ ಈ ಊರುಗಳ ಹೆಸರನ್ನು ಕಿಟಕಿಯಿಂದ ಓದಿ ಮುಂದಕ್ಕೆ ಸಾಗುತ್ತಾರೆ. ನಾವೂ ಬಹು ಕಾಲ ಹಾಗೆ ಸಾಗಿದವರೇ. ಈಚೆಗೆ ರಾಣೆಬೆನ್ನೂರಿನಲ್ಲಿರುವ ಬೀಗರ ಮನೆಯಲ್ಲಿ ಒಂದು ಶುಭಕಾರ್ಯ ಒದಗಿತು. ಅದು ಮುಗಿದ ಮರುದಿನವನ್ನು ಬಿಡುವು ಮಾಡಿಕೊಂಡು, ವೃದ್ಧರಾದ ನಮ್ಮ ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆ ಸೀಮೆಯ ಮೂರು ಸ್ಥಳಗಳನ್ನು ನೋಡಿಬಂದೆವು. ಆ ದಿನ ಕಂಡುದನ್ನೂ, ಅದರಿಂದ ನಮಗೆ ತೋರಿದ ಒಂದು ವಿಚಾರವನ್ನೂ ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಒಂದು ದಿನಕ್ಕೆ ಮೂರು ಸ್ಥಳಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಮೂರನ್ನು ನಿಧಾನವಾಗಿ ನೋಡಿದವರಿಗೆ ಮೂರೂ ನೆನಪಿನಲ್ಲಿ ನಿಲ್ಲುತ್ತವೆ. ಹತ್ತನ್ನು ಓಡಾಡಿ ನೋಡಿದವರಿಗೆ ಪಾದರಕ್ಷೆ ಬಿಟ್ಟ ಜಾಗಗಳಷ್ಟೇ ನೆನಪಿರುತ್ತವೆ. ಎರಡನೆಯದಾಗಿ, ಬಿಸಿಲು ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಬೀಳುತ್ತದೆಂಬುದನ್ನು ತಿಳಿದು ಹೊರಡಬೇಕು. ಕೆತ್ತನೆಯ ಕೆಲಸ ಓರೆಬಿಸಿಲಿನಲ್ಲಿ ಕಾಣುವಂತೆ ನಡುಹಗಲಿನಲ್ಲಿ ಕಾಣುವುದಿಲ್ಲ. ಆದುದರಿಂದ ನದಿಯ ದಡದ ಚೌಡದಾನಪುರವನ್ನು ಬೆಳಗಿಗೂ, ಕಾಗಿನೆಲೆಯನ್ನು ಮಧ್ಯಾಹ್ನಕ್ಕೂ, ಪಡುವಣ ದಿಕ್ಕಿಗೆ ಮುಖಮಾಡಿರುವ ಹಾವೇರಿಯ ಸಿದ್ಧೇಶ್ವರನನ್ನು ಸಂಜೆಗೂ ಗೊತ್ತುಮಾಡಿಕೊಂಡೆವು.

ಚೌಡದಾನಪುರ ರಾಣೆಬೆನ್ನೂರು ತಾಲ್ಲೂಕಿನ ಒಂದು ಚಿಕ್ಕ ಗ್ರಾಮ. ಊರಿನ ಬದಿಯಲ್ಲಿ ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ದಡದ ಮೇಲೆ ಮುಕ್ತೇಶ್ವರನ ಗುಡಿ. ಒಂದೇ ಗರ್ಭಗೃಹವುಳ್ಳ ಈ ಗುಡಿ ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಅದರ ಗೋಡೆಯಲ್ಲಿ ಬರಿದಾಗಿ ಬಿಟ್ಟ ಜಾಗವನ್ನು ಹುಡುಕಬೇಕಾಗುತ್ತದೆ. ಗೋಡೆಯ ಮೈಯಲ್ಲಿ ಚಿಕ್ಕ ಚಿಕ್ಕ ಗೋಪುರಗಳು, ಗೋಪುರಗಳ ನಡುವೆ ಬಳ್ಳಿಗಳು, ಬಳ್ಳಿಗಳ ನಡುವೆ ಸಿಂಹಮುಖಗಳು, ಇವೆಲ್ಲವೂ ಒಂದರ ಮೇಲೊಂದು ಏರಿ ಶಿಖರವಾಗಿವೆ. ದೇವಾಲಯದ ಗೋಡೆಯಲ್ಲಿ ದೇವಾಲಯವನ್ನೇ ಮರಳಿ ಮರಳಿ ಕೆತ್ತುವುದು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಪ್ರಿಯವಾದ ಕ್ರಮ. ಬಾದಾಮಿ, ಪಟ್ಟದಕಲ್ಲುಗಳ ಹಿಂದಿನ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದ್ದರು. ಹನ್ನೊಂದನೆಯ ಶತಮಾನದಲ್ಲಿ ಇವರು ಬಳಪದ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದ ಹೊಸತರಲ್ಲಿ ಈ ಕಲ್ಲು ಮೃದು. ಉಳಿ ಹೇಳಿದಂತೆ ಕೇಳುತ್ತದೆ. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಕಂಬಗಳನ್ನು ಬಡಗಿ ತಿರುಗಣಿಯಲ್ಲಿ ಮರ ಕಡೆಯುವಂತೆ ಕಡೆದು ಕನ್ನಡಿಯಂತೆ ನುಣುಪು ಮಾಡಲು ಸಾಧ್ಯವಾದುದು ಈ ಕಲ್ಲಿನಿಂದಲೇ. ಮುಂದೆ ಹೊಯ್ಸಳರು ಬೇಲೂರು ಹಳೇಬೀಡುಗಳಲ್ಲಿ ಬಳಸಿದ ಕಲ್ಲೂ ಇದೇ ಜಾತಿಯದು. ಮೈಸೂರು ಸೀಮೆಯ ನಮಗೆ ಬೇಲೂರು ಚೆನ್ನಾಗಿ ಗೊತ್ತು. ಅದರ ಹಿರಿಯ ಸೋದರರು ಈ ನದೀತೀರದಲ್ಲಿದ್ದಾರೆಂಬುದು ಅಷ್ಟಾಗಿ ಗೊತ್ತಿಲ್ಲ.

ಈ ಸೀಮೆಯನ್ನು ಚಾಲುಕ್ಯರ ಕೆಳಗೂ ಅವರ ತರುವಾಯ ಸೇವುಣರ ಕಾಲದಲ್ಲಿಯೂ ಆಳುತ್ತಿದ್ದವರು ಗುತ್ತರು. ಅವರ ರಾಜಧಾನಿಯಾದ ಗುತ್ತವೊಳಲೇ ಇಂದಿನ ಗುತ್ತಲ. ತಾವು ಗುಪ್ತರ ವಂಶದವರೆಂದೂ ಉಜ್ಜಯಿನಿಯ ಒಡೆತನ ತಮ್ಮದೆಂದೂ ಅವರು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಮುಕ್ತೇಶ್ವರನ ಗುಡಿಯಲ್ಲಿ ಏಳು ಶಾಸನಗಳಿವೆ. ಪ್ರೌಢವಾದ ಕನ್ನಡದಲ್ಲಿ ದೊಡ್ಡ ದೊಡ್ಡ ಕಲ್ಲುಹಲಗೆಗಳ ಮೇಲೆ ಬರೆದವು. ಗುತ್ತರ ವಂಶಾವಳಿ, ಗುಡಿಗೆ ಬಂದ ದಾನಗಳು, ಇಲ್ಲಿದ್ದ ಲಾಕುಲ ಶೈವ ಆಚಾರ್ಯನಾದ ಮುಕ್ತಜೀಯ, ೧೨೨೫ರಲ್ಲಿ ಇಲ್ಲಿಗೆ ಬಂದು ವಿರಕ್ತನಾಗಿ ದೀರ್ಘಕಾಲ ಬಾಳಿದ ಶಿವದೇವ, ಇವರೆಲ್ಲರ ಸಂಗತಿಯೂ ಅವುಗಳಿಂದ ತಿಳಿಯುತ್ತದೆ.

ಈ ಭಾಗದ ಶಾಸನಕಲ್ಲುಗಳನ್ನು ಓದಲು ಬಾರದವರೂ ಒಂದಷ್ಟು ಓದಬಹುದು. ಕಲ್ಲಿನ ತಲೆಯನ್ನು ನೋಡಿರಿ. ನಡುವೆ ಲಿಂಗ, ಒಂದು ಪಕ್ಕದಲ್ಲಿ ಪೂಜೆ ಮಾಡುವವನು, ಇನ್ನೊಂದು ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು, ಮೇಲೆ ಸೂರ್ಯಚಂದ್ರರು. ಸೂರ್ಯಚಂದ್ರರು ಇರುವವರೆಗೂ ಈ ದಾನ ನಡೆಯಲೆಂಬುದು ಅದರ ಅರ್ಥ. ಕೆಳಗಿನ ಬರಹದಲ್ಲಿ ಇಂಥ ವರ್ಷ, ಇಂಥ ತಿಥಿ, ಇಂಥ ಅರಸನ ಆಳಿಕೆಯಲ್ಲಿ, ಇಂಥವನು ಇಷ್ಟು ಮತ್ತರು ಭೂಮಿಯನ್ನೋ, ದೀಪಕ್ಕೆ ಇಷ್ಟು ಎಣ್ಣೆಯನ್ನೋ ಕೊಟ್ಟನೆಂದು ಕಂಡಿರುತ್ತದೆ. ಕೊನೆಯಲ್ಲಿ ಒಂದು ಎಚ್ಚರಿಕೆ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಶಾಪ. ಅದರೊಡನೆ ಅನೇಕ ಶಾಸನಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ದಾನ ಮಾಡುವುದು, ಮಾಡಿದ ದಾನವನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಹೆಚ್ಚಿನದು. ಕೊಟ್ಟವನಿಗೆ ಸ್ವರ್ಗ ದೊರೆತರೆ ಕಾದವನಿಗೆ ಅದಕ್ಕೂ ಮೇಲಾದ ಪದವಿ.

ಈ ಮಾತನ್ನು ಮಕ್ಕಳಿಗೆ ವಿವರಿಸಿದಾಗ ಅವರು, “ಕೊಡುವುದಕ್ಕಿಂತ ಕಾಯುವುದು ಹೇಗೆ ದೊಡ್ಡದು? ಕಾಯುವವನಿಗೆ ಖರ್ಚೇನಿದೆ?” ಎಂದು ಕೇಳಿದರು. ಕೊಡುವುದು ಒಂದು ದಿನದ ಕೆಲಸ, ಕಾಯುವುದು ದಿನದಿನದ ಕೆಲಸ ಎಂದು ಆಗ ಉತ್ತರ ಹೇಳಿದೆವು. ಆದರೆ ಆ ಪ್ರಶ್ನೆ ಆ ಹಗಲೆಲ್ಲ ನಮ್ಮ ಸಂಗಡವೇ ಬಂದಿತು.

ಊರಿನ ಹೆಸರಿನಲ್ಲಿಯೇ ದಾನವೆಂಬ ಮಾತಿದೆ. ಹನ್ನೆರಡನೆಯ ಶತಮಾನದ ವಚನಕಾರನಾದ ಅಂಬಿಗರ ಚೌಡಯ್ಯನಿಗೆ ದಾನವಾಗಿ ಬಂದ ಊರು ಇದೆಂದು ಜನ ನಂಬಿದ್ದಾರೆ. ಆತನ ಐಕ್ಯಸ್ಥಳವನ್ನು ನದಿಯ ದಡದಲ್ಲಿ ತೋರಿಸುತ್ತಾರೆ. ಇತರ ಶರಣರು ತಮ್ಮ ವಚನಗಳಿಗೆ ಇಷ್ಟದೇವರ ಹೆಸರನ್ನು ಅಂಕಿತವಾಗಿ ಇಟ್ಟರೆ, ಚೌಡಯ್ಯ ತನ್ನ ಹೆಸರನ್ನೇ ಇಟ್ಟ. ದೋಣಿ ನಡೆಸುವ ಕಾಯಕವೂ ಅದರೊಳಗೇ ಸೇರಿಕೊಂಡಿತು. ಉಜ್ಜಯಿನಿಯ ಒಡೆಯರೆನಿಸಿಕೊಂಡ ಗುತ್ತರ ಹೆಸರುಗಳು ಈಗ ಶಾಸನ ಬಲ್ಲವರಿಗೆ ಮಾತ್ರ ಗೊತ್ತು; ಹೊಳೆ ದಾಟಿಸಿದವನ ಹೆಸರು ಕನ್ನಡ ನಾಡಿಗೆಲ್ಲ ಗೊತ್ತು. ಅರಸರ ದಾನವನ್ನು ಕಲ್ಲು ಕಾದಿತು. ಅಂಬಿಗನ ಮಾತನ್ನು ಜನರ ನಾಲಗೆಯೂ ಓಲೆಯ ಕಟ್ಟುಗಳೂ ಕಾದವು. ನಮ್ಮ ತಾಯಿಯವರು ನದಿಗಿಳಿದು ಮೂರು ಬೊಗಸೆ ನೀರನ್ನು ಎತ್ತಿ ಬಿಟ್ಟು, ಒಂದು ಹೂವನ್ನು ಗುಡಿಗೂ ಒಂದು ಹೂವನ್ನು ಅಂಬಿಗನ ಗದ್ದಿಗೆಗೂ ಇಟ್ಟರು.

ಅಲ್ಲಿಂದ ರಾಣೆಬೆನ್ನೂರಿಗೆ ಹಿಂದಿರುಗಿ ಬ್ಯಾಡಗಿಯ ದಾರಿ ಹಿಡಿದೆವು. ಬ್ಯಾಡಗಿಯ ಹೆಸರು ಮೆಣಸಿನಕಾಯಿಯಿಂದ ದೇಶವಿದೇಶಗಳಲ್ಲಿ ಪ್ರಸಿದ್ಧ. ಮೈಯೆಲ್ಲ ಸುಕ್ಕುಗಟ್ಟಿದ, ಬಣ್ಣದಲ್ಲಿ ಗಾಢವಾದ, ಖಾರದಲ್ಲಿ ಸೌಮ್ಯವಾದ ಈ ಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದರಿಂದ ತೆಗೆದ ಕೆಂಪು ಬಣ್ಣ ಅಡಿಗೆಯ ಪದಾರ್ಥಗಳಿಗೂ ಸೇರುತ್ತದೆ, ತುಟಿಯ ರಂಗಿಗೂ ಸೇರುತ್ತದೆ. ಸುಗ್ಗಿಯ ಕಾಲವಾಗಿದ್ದುದರಿಂದ ಮಾರುಕಟ್ಟೆಯ ಬಳಿ ಚೀಲಗಳ ಸಾಲು ಕಂಡಿತು. ಕಾಣುವುದಕ್ಕೆ ಮೊದಲೇ ಘಾಟು ಮೂಗಿಗೆ ತಾಗಿ ಮಕ್ಕಳು ಸೀನತೊಡಗಿದರು. ಅಲ್ಲಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಊಟ ಮುಗಿಸಿ ಕಾಗಿನೆಲೆಗೆ ಹೊರಟೆವು.

ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನ ಊರು. ಉಡುಪಿಯ ಕನಕನ ಕಿಂಡಿಯನ್ನು ನೋಡದ ಯಾತ್ರಿಕರಿಲ್ಲ. ಕನಕದಾಸರ ಪ್ರತಿಯೊಂದು ಕೀರ್ತನೆಯ ಕೊನೆಯಲ್ಲಿಯೂ ಕಾಗಿನೆಲೆಯ ಆದಿಕೇಶವನೆಂಬ ಅಂಕಿತವನ್ನು ಕೇಳಿದ್ದೇವೆ. ಆದರೂ ಆ ಆದಿಕೇಶವ ಎಲ್ಲಿದ್ದಾನೆಂದು ಹುಡುಕಿ ಹೋಗುವವರು ಅಷ್ಟು ಮಂದಿಯಿಲ್ಲ. ದಾಸರು ಹುಟ್ಟಿದುದು ಇದೇ ಜಿಲ್ಲೆಯ ಬಾಡ ಗ್ರಾಮದಲ್ಲಿ. ಕುರುಬ ಕುಲದಲ್ಲಿ ಹುಟ್ಟಿ, ತಿಮ್ಮಪ್ಪನಾಯಕನೆಂಬ ಹೆಸರಿನಿಂದ ದಂಡನಾಯಕನಾಗಿದ್ದು, ಯುದ್ಧದಲ್ಲಿ ಸೋತು ಗಾಯಗೊಂಡ ಮೇಲೆ ಹರಿದಾಸರಾದರೆಂದು ಪ್ರತೀತಿ. ನೆಲದಲ್ಲಿ ಹೂತಿದ್ದ ಹೊನ್ನು ಅವರಿಗೆ ಸಿಕ್ಕಿತೆಂದೂ, ಅದನ್ನು ತಮಗಾಗಿ ಇಟ್ಟುಕೊಳ್ಳದೆ ದೇವರ ಕಾರ್ಯಕ್ಕೂ ಜನರ ಕಾರ್ಯಕ್ಕೂ ವಿನಿಯೋಗಿಸಿದ್ದರಿಂದ ಕನಕನೆಂಬ ಹೆಸರು ಬಂದಿತೆಂದೂ ಹಿರಿಯರು ಹೇಳುತ್ತಾರೆ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ಪ್ರತಿಷ್ಠೆ ಮಾಡಿದವರೂ ಅವರೇ ಎಂದು ನಂಬಿಕೆ.

ಗುಡಿಯ ನೆರಳಿನಲ್ಲಿ ಕುಳಿತು ನಮ್ಮ ತಾಯಿಯವರು ಮಕ್ಕಳಿಗೆ ರಾಮಧಾನ್ಯ ಚರಿತ್ರೆಯ ಕಥೆ ಹೇಳಿದರು. ಅಕ್ಕಿಗೂ ರಾಗಿಗೂ ಯಾರು ಹೆಚ್ಚೆಂದು ವಾದ ಹುಟ್ಟಿ, ಅದು ರಾಮನ ಸಭೆಗೆ ಬಂದು, ಎರಡನ್ನೂ ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ, ಅಕ್ಕಿ ಬಾಡಿ ರಾಗಿ ತಾಳಿ ನಿಂತುದು. ಅದಕ್ಕೆ ರಾಘವನ ಹೆಸರೇ ದೊರೆತುದು. ಐದು ವರ್ಷದ ಹಿರಿಮಗುವಿನಿಂದ ಎಂಬತ್ತು ವರ್ಷದ ಮುದುಕಿಯವರೆಗೆ ಎಲ್ಲರಿಗೂ ಅರ್ಥವಾಗುವ ಈ ಕಥೆಯಲ್ಲಿ, ಬಡವರ ಧಾನ್ಯವೆಂದು ಹಳಿಯಲ್ಪಟ್ಟದ್ದರ ಪಕ್ಷ ವಹಿಸಿದ ಕವಿಯ ಅಂತಃಕರಣ ಕಾಣುತ್ತದೆ. ಯಾರಿಗೆ ಊರಿನಲ್ಲಿ ಮರ್ಯಾದೆ ಕಡಮೆಯೋ ಅವರ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂಬ ನೀತಿಯನ್ನು ಮಕ್ಕಳಿಗೆ ತಿಳಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಎಲ್ಲಿದೆ? ಪಾಠಶಾಲೆಯಲ್ಲಿ ಓದಿದ ಕವಿ ತಮ್ಮ ಕಾಲಡಿಯ ನೆಲದಲ್ಲಿ ನಡೆದಾಡಿದವನೆಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗನ್ನು ತಂದೆತಾಯಿಗಳು ಒಮ್ಮೆ ನೋಡಬೇಕು.

ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಹಾವೇರಿಯನ್ನು ಸೇರಿದೆವು. ೧೯೯೭ರಿಂದ ಜಿಲ್ಲೆಯ ಮುಖ್ಯಪಟ್ಟಣವಾಗಿರುವ ಈ ಊರು ಹಿಂದೆ ದೊಡ್ಡ ಅಗ್ರಹಾರವಾಗಿತ್ತು. ಇಲ್ಲಿಯ ನಾನೂರು ಮಹಾಜನರ ಮಾತು ಶಾಸನಗಳಲ್ಲಿ ಬರುತ್ತದೆ. ನಳಪುರಿಯೆಂಬ ಇನ್ನೊಂದು ಹೆಸರೂ ಊರಿಗಿದೆ. ನಳಚರಿತ್ರೆಯನ್ನು ಬರೆದ ಕನಕದಾಸರ ಊರಿನಿಂದ ನಳಪುರಿಗೆ ಬಂದೆವೆಂದು ಮಕ್ಕಳು ಸಂತೋಷಪಟ್ಟರು.

ಪಟ್ಟಣದ ಪೂರ್ವದ ಅಂಚಿನಲ್ಲಿ, ಒಂದು ದಿಬ್ಬದ ತಪ್ಪಲಿನಲ್ಲಿ ಸಿದ್ಧೇಶ್ವರನ ಗುಡಿಯಿದೆ. ಊರವರು ಪುರಸಿದ್ಧೇಶ್ವರನೆನ್ನುತ್ತಾರೆ. ಮೊದಲ ಪ್ರತಿಷ್ಠೆ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆದುದೆಂದು ಶಾಸನಗಳಿಂದ ತೋರುತ್ತದೆ. ಈಗ ಕಾಣುವ ಕಟ್ಟಡದ ಸೊಬಗು ಹನ್ನೆರಡನೆಯ ಶತಮಾನದ್ದು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿರುತ್ತವೆ, ಇದು ಪಶ್ಚಿಮಕ್ಕೆ. ಅಸ್ತಮಾನದ ಬಿಸಿಲು ಮುಖಮಂಟಪದ ಕಂಬಗಳ ನಡುವೆ ಉದ್ದಕ್ಕೆ ಹಾಸಿ, ಕಪ್ಪಗಿದ್ದ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿತು. ಸಂಜೆಗೆ ಈ ಗುಡಿಯನ್ನು ಉಳಿಸಿಕೊಂಡುದು ಸಾರ್ಥಕವೆನಿಸಿತು. ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು ೧೯೨೬ರಲ್ಲಿ ಪ್ರಕಟವಾದ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ತಮ್ಮ ಗ್ರಂಥದಲ್ಲಿ ಇದನ್ನು ವಿಚಾರಿಸಿದ್ದಾರೆ. ಇದು ಮೊದಲು ಯಾವ ದೇವರಿಗೆ, ಯಾವ ಮತದವರಿಂದ ಕಟ್ಟಲ್ಪಟ್ಟಿತೆಂಬ ವಿಷಯದಲ್ಲಿ ಪಂಡಿತರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಒಳಗಿರುವುದು ಲಿಂಗ, ಅಲ್ಲಲ್ಲಿ ಇಟ್ಟಿರುವ ಬಿಡಿ ಮೂರ್ತಿಗಳಲ್ಲಿ ಉಮಾಮಹೇಶ್ವರರೂ ಉಂಟು, ಲಕ್ಷ್ಮಿಯೊಡನೆ ವಿಷ್ಣುವೂ ಉಂಟು, ಸೂರ್ಯನೂ ಉಂಟು, ಗಣಪತಿ ಕಾರ್ತಿಕೇಯರೂ ಉಂಟು, ಹೆಣೆದುಕೊಂಡ ನಾಗದಂಪತಿಗಳೂ ಉಂಟು. ಹೊರಗೋಡೆಯ ಕೆಲವು ಮುಖ್ಯ ವಿಗ್ರಹಗಳಂತೂ ವಿರೂಪಗೊಂಡು ಗುರುತು ಸಿಗದಂತಾಗಿವೆ.

ಇಲ್ಲಿ ನಮ್ಮಲ್ಲಿ ಒಂದು ಚರ್ಚೆ ಹುಟ್ಟಿತು. ಕೈ ಮುರಿದ ಮೂರ್ತಿಯೊಂದರ ಮುಂದೆ ಕಿರಿಯವನು ಕೈಮುಗಿದು ನಿಂತಿದ್ದ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲವೆಂದು ಹಿರಿಯವಳು ಅವನನ್ನು ತಡೆದಳು. ಶಾಸ್ತ್ರವೂ ಹಾಗೆಯೇ ಹೇಳುತ್ತದೆ. “ಪೂಜೆಯಿಲ್ಲದಿದ್ದರೆ ಇದನ್ನೇಕೆ ಇಟ್ಟಿದ್ದಾರೆ?” ಎಂದು ಅವನು ಕೇಳಿದ. ನಮಗೆ ತಟಕ್ಕನೆ ಉತ್ತರ ತೋರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ತಾಯಿಯವರು, “ಮಗು, ನನ್ನ ಕೈಲಿ ಈಗ ಅಡಿಗೆಯಾಗುವುದಿಲ್ಲ, ನೀರು ಸೇದುವುದಾಗುವುದಿಲ್ಲ. ಹಾಗೆಂದು ನಿಮ್ಮಪ್ಪ ನನ್ನನ್ನು ಹೊರಗೆ ಕಳಿಸಿದನೇನು?” ಎಂದರು. ಹುಡುಗ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತ. ಬೆಳಗ್ಗೆ ನದಿಯ ದಡದಲ್ಲಿ ಕೇಳಿದ್ದ ಪ್ರಶ್ನೆಗೆ ಸಂಜೆ ಬಂದ ಉತ್ತರ ಇದೆಂದು ನಮಗೆ ತೋರಿತು. ಉಪಯೋಗವಿರುವುದನ್ನು ಎಲ್ಲರೂ ಕಾಯುತ್ತಾರೆ. ಅದಕ್ಕೆ ಶಾಸನದ ಶಾಪ ಬೇಕಾಗಿಲ್ಲ. ಉಪಯೋಗ ಮುಗಿದ ಮೇಲೂ ಹಿರಿತನದ ಸಲುವಾಗಿ ಕಾಯುವುದಕ್ಕೆ ಮನಸ್ಸು ಪಳಗಿರಬೇಕು. ಪಾಲನವು ದಾನಕ್ಕಿಂತ ಹೆಚ್ಚೆಂದು ಹಿಂದಿನವರು ಹೇಳಿದುದು ಇದನ್ನರಿತೇ ಇರಬೇಕು.

ಪ್ರಕೃತ ನಮ್ಮ ಪಾಲನ ಹೇಗಿದೆ? ಚೌಡದಾನಪುರದ ಗುಡಿಯನ್ನೂ ಹಾವೇರಿಯ ಗುಡಿಯನ್ನೂ ಭಾರತದ ಪುರಾತತ್ತ್ವ ಇಲಾಖೆ ತನ್ನ ರಕ್ಷಣೆಯಲ್ಲಿ ಇಟ್ಟುಕೊಂಡಿದೆ. ೧೯೫೮ರ ಕಾನೂನಿನಂತೆ ಇಂಥ ಸ್ಮಾರಕಗಳನ್ನು ಕೆಡಿಸುವುದು ಶಿಕ್ಷಾರ್ಹವಾದ ಅಪರಾಧ. ಬೇಲಿಯೂ ಫಲಕವೂ ಕಾವಲೂ ಉಂಟು. ಆದರೆ ನಾಡಿನಲ್ಲಿ ಇಲಾಖೆಯ ಕಣ್ಣಿಗೆ ಬೀಳದ ಗುಡಿಗಳು, ವೀರಗಲ್ಲುಗಳು, ಶಾಸನಗಳು ಲೆಕ್ಕವಿಲ್ಲದಷ್ಟಿವೆ. ಹಳ್ಳಿಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿರುವುದನ್ನೂ, ದನಗಳ ಕೊಟ್ಟಿಗೆಗೆ ಹಾಸಾಗಿರುವುದನ್ನೂ ನಾವು ಕಂಡಿದ್ದೇವೆ. ಓದುಬರಹ ಬಲ್ಲ ಯಾತ್ರಿಕರು ಅದಕ್ಕಿಂತ ಮೇಲಲ್ಲ. ಕಂಬದ ಮೇಲೆ ಮೊಳೆಯಿಂದ ತಮ್ಮ ಹೆಸರು ಕೊರೆಯುವವರು ಅವರೇ. ಬಳಪದ ಕಲ್ಲಿನ ಮೃದುತ್ವ ಶಿಲ್ಪಿಗೆ ಒದಗಿದಂತೆಯೇ ಅವಿವೇಕಿಗೂ ಒದಗುತ್ತದೆ. ಭಕ್ತಿಯಿಂದ ಎಣ್ಣೆ ಕುಂಕುಮಗಳನ್ನು ಮೆತ್ತಿದರೂ ಕೆತ್ತನೆಯ ಸೂಕ್ಷ್ಮ ಮುಚ್ಚಿಹೋಗುತ್ತದೆ. ನಮ್ಮ ಹುಡುಗ ಸಿದ್ಧೇಶ್ವರನ ಗುಡಿಯ ಒಂದು ಬಳ್ಳಿಯನ್ನು ಉಗುರಿನಿಂದ ಕೆರೆಯಹೋದಾಗ, ಪ್ರದಕ್ಷಿಣೆ ಹಾಕುತ್ತಿದ್ದ ಊರಿನ ಮುದುಕರೊಬ್ಬರು ನಿಂತು, “ಹಚ್ಚಬ್ಯಾಡ ತಮ್ಮಾ, ಅದು ನಮ್ಮ ಮುತ್ತ್ಯಾನ ಮುತ್ತ್ಯಾಗಿಂತ ಹಿರೇದೈತಿ” ಎಂದು ಮೆಲ್ಲನೆ ಹೇಳಿ ಮುಂದೆ ಹೋದರು. ಊರಿಗೊಬ್ಬರು ಹೀಗೆ ಹೇಳುವ ಹಿರಿಯರಿದ್ದರೆ ಕಾನೂನಿಗೆ ಅರ್ಧ ಕೆಲಸ ಕಡಮೆಯಾದಂತೆ.

ಇನ್ನೂ ಒಂದೆರಡು ದಿನ ಬಿಡುವುಳ್ಳವರಿಗೆ ಈ ಸೀಮೆಯಲ್ಲಿ ನೋಡತಕ್ಕವು ಬಹಳ. ವರದೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ ಗಳಗನಾಥದ ಗಳಗೇಶ್ವರನ ಭಾರಿ ಗುಡಿಯಿದೆ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಕಾವ್ಯನಾಮವನ್ನು ಪಡೆದುದು ಈ ಊರಿನಿಂದಲೇ. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ, ಇವು ಒಂದೊಂದೂ ಒಂದೊಂದು ಅರ್ಧದಿನಕ್ಕೆ ಯೋಗ್ಯ. ಆಂಜನೇಯನ ಭಕ್ತರಲ್ಲಿ ಇನ್ನೊಂದು ಪದ್ಧತಿಯುಂಟು. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನೂ ಒಂದೇ ದಿನದಲ್ಲಿ ದರ್ಶನ ಮಾಡಿದರೆ ವಿಶೇಷ ಪುಣ್ಯವೆನ್ನುತ್ತಾರೆ. ಶ್ರಾವಣಮಾಸದಲ್ಲಿ ಕುಟುಂಬ ಕುಟುಂಬಗಳೇ ಹೊರಡುತ್ತವೆ. ಆ ವ್ರತ ಹಿಡಿದವರಿಗೂ ನಮ್ಮ ಬಿನ್ನಹ ಇಷ್ಟೇ: ಒಂದೊಂದು ಗುಡಿಯಲ್ಲಿಯೂ ಮಂಗಳಾರತಿಯಾದ ಮೇಲೆ ಕಾಲುಗಂಟೆ ಕುಳಿತುಕೊಳ್ಳಿರಿ, ಮಕ್ಕಳಿಗೆ ಒಂದು ಕಂಬವನ್ನಾದರೂ ತೋರಿಸಿರಿ.

ಹಾವೇರಿಯನ್ನು ಬಿಡುವ ಮುನ್ನ ಪೇಟೆಯಲ್ಲಿ ಏಲಕ್ಕಿಯ ಹಾರವೊಂದನ್ನು ಕೊಂಡೆವು. ಒಂದೊಂದು ಕಾಯನ್ನೂ ಕೈಯಿಂದ ಪೋಣಿಸಿ ಕಟ್ಟುವ ಈ ಹಾರಕ್ಕೆ ಹಾವೇರಿ ಹೆಸರುವಾಸಿ. ೨೦೨೩ರ ಜನವರಿಯಲ್ಲಿ ಎಂಬತ್ತಾರನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದೂ ಈ ಏಲಕ್ಕಿ ಕಂಪಿನ ಊರಿನಲ್ಲಿಯೇ. ಹೂವಿನ ಹಾರ ಮರುದಿನಕ್ಕೆ ಬಾಡುತ್ತದೆ. ಇದನ್ನು ಜೋಪಾನವಾಗಿಟ್ಟರೆ ಬಹುಕಾಲ ಇರುತ್ತದೆಂದು ಅಂಗಡಿಯವರು ಹೇಳಿದರು.

ಈ ಭಾಷಣವನ್ನು ಕೇಳುತ್ತಿರುವ ಗೃಹಸ್ಥರು ಒಂದು ಸಂಕಲ್ಪ ಮಾಡಬಹುದು. ನಿಮ್ಮ ಊರಿನಿಂದ ಒಂದು ಹಗಲಿನ ದಾರಿಯಲ್ಲಿ ಯಾವ ಹಳೆಯ ಗುಡಿಯಿದೆಯೆಂದು ವಿಚಾರಿಸಿರಿ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿರಿ. ಹಿರಿಯರು ಪೂಜೆ ಮಾಡಲಿ, ಮಕ್ಕಳು ಸೂರ್ಯಚಂದ್ರರಿರುವ ಕಲ್ಲನ್ನು ಹುಡುಕಲಿ. ಬರುವಾಗ ಅಂಗಳದಲ್ಲಿ ಬಿದ್ದಿರುವ ಕಸವನ್ನು ಎತ್ತಿರಿ. ಗೋಡೆಯ ಸಂದಿನಲ್ಲಿ ಆಲದ ಸಸಿ ಹುಟ್ಟಿದ್ದರೆ ಇಲಾಖೆಗೋ ಊರಿನ ಪ್ರಮುಖರಿಗೋ ತಿಳಿಸಿರಿ. ಗುತ್ತರಂತೆ ಭೂದಾನ ಮಾಡುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ಅವರ ದಾನವನ್ನು ಕಾಯುವ ಶಕ್ತಿಯಾದರೋ ಪ್ರತಿಯೊಂದು ಮನೆಗೂ ಇದೆ. ಅದಕ್ಕೆ ಬೇಕಾದುದು ಒಂದು ದಿನದ ಬಿಡುವು, ಒಂದು ಬುತ್ತಿ, ಪ್ರಶ್ನೆ ಕೇಳುವ ಮಕ್ಕಳು ಮತ್ತು ಉತ್ತರ ಬಲ್ಲ ಒಬ್ಬ ಅಜ್ಜಿ.